ಏಳನೇ ಮೆಟ್ಟಿಲಿನ ಸದ್ದು

ಟ್ರಂಕ್‌ಕಾಲ್ ಅಕ್ಕನ ಕಿವಿಯ ಬಗ್ಗೆ ಬೀದಿಯಲ್ಲಿ ಹಲವು ಕಥೆಗಳಿದ್ದವು. ಅವುಗಳಲ್ಲಿ ಮುಕ್ಕಾಲು ಪಾಲನ್ನು ಅಕ್ಕನೇ ಹಬ್ಬಿಸಿದ್ದಳು. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತು, ದೂರದೂರಿನವರನ್ನು ಒಬ್ಬರಿಗೊಬ್ಬರು ಜೋಡಿಸಿ ನಿವೃತ್ತಳಾದವಳು. ಆಚೆಯವರು 'ಹಲೋ' ಅಂದ ಒಂದೇ ಮಾತಿಗೆ ಅವರು ನಿಂತಿದ್ದಾರೋ ಕೂತಿದ್ದಾರೋ, ಉಂಡಿದ್ದಾರೋ ಹಸಿದಿದ್ದಾರೋ ಹೇಳಿಬಿಡುತ್ತಿದ್ದೆ ಎನ್ನುತ್ತಿದ್ದಳು. ಆಚೆಯವರನ್ನು ಕೇಳಿ ತಾಳೆ ನೋಡಿದವರು ಯಾರೂ ಇಲ್ಲದ ಕಾರಣ ಈ ಕೀರ್ತಿಗೆ ಇದುವರೆಗೆ ಕುಂದು ಬಂದಿಲ್ಲ.

ಇಷ್ಟು ಜನರನ್ನು ಜೋಡಿಸಿದ ಅಕ್ಕ, ಒಡಹುಟ್ಟಿದ ಅಣ್ಣನೊಡನೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಣ್ಣನೇನು ಟ್ರಂಕ್‌ಕಾಲ್ ಮಾಡಬೇಕಾದಷ್ಟು ದೂರದಲ್ಲಿರಲಿಲ್ಲ. ಅದೇ ಮನೆಯ ಮಹಡಿಯಲ್ಲಿ, ಅವಳ ತಲೆಯ ಮೇಲೆಯೇ ಇದ್ದ. ಅವನಿಗೆ ಅರವತ್ತೊಂಬತ್ತು, ಇವಳಿಗೆ ಅರವತ್ತನಾಲ್ಕು. ಬೀದಿಗೆಲ್ಲ ಅಕ್ಕನಾದವಳು ಮನೆಯೊಳಗೆ ಮಾತ್ರ ತಂಗಿ. ಅಣ್ಣ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು, ಬೀದಿಯವರ ಬಾಯಲ್ಲಿ 'ಅಡಿಪಟ್ಟಿ'. ಇಬ್ಬರಿಗೂ ಮದುವೆಯಾಗಲಿಲ್ಲ. ಅವನ ಅಳತೆಗೆ ಯಾವ ಹೆಣ್ಣೂ ಬರಲಿಲ್ಲ, ಇವಳ ಕಿವಿಗೆ ಯಾವ ಗಂಡಿನ ದನಿಯೂ ಹಿಡಿಸಲಿಲ್ಲ ಎಂದು ಬೀದಿಯವರು ಅರ್ಥ ಹೇಳುತ್ತಿದ್ದರು. ನಿಜವೆಂದರೆ ಇಬ್ಬರನ್ನೂ ಯಾರೂ ಅಷ್ಟಾಗಿ ಕೇಳಿರಲಿಲ್ಲ.

ಜಗಳ ಶುರುವಾದದ್ದು ಮೆಟ್ಟಿಲಿನಿಂದ. ಅದು ಅಪ್ಪನ ಕಾಲಕ್ಕಿಂತಲೂ ಹಳೆಯ ಮನೆ. ಹದಿನೇಳು ತೇಗದ ಮೆಟ್ಟಿಲು, ನಡುವೆ ಒಂದು ತಿರುವು, ಬುಡದಲ್ಲಿ ಎದೆಮಟ್ಟದ ಕಂಬ. ಅಕ್ಕನಿಗಿನ್ನೂ ಕೆಲಸವಿದ್ದ ಕಾಲ. ಒಂದು ದಿನ ಡ್ಯೂಟಿ ಮುಗಿಸಿ ಬಂದು ನೋಡುತ್ತಾಳೆ, ಮೆಟ್ಟಿಲು ಪೂರಾ ಹಸಿರು. ಕಚೇರಿಯಲ್ಲಿ ಕಪಾಟುಗಳಿಗೆ ಬಳಿದು ಮಿಕ್ಕಿದ್ದ ಎಣ್ಣೆಬಣ್ಣವನ್ನು ಅಣ್ಣ ತಂದು, ಬುಡದಿಂದ ತುದಿಯವರೆಗೆ ಒಂದು ಎಳೆ ಆಚೀಚೆ ಆಗದ ಹಾಗೆ ಬಳಿದು, ಕೈ ಒರೆಸಿಕೊಳ್ಳುತ್ತ ಹೊಗಳಿಕೆಗಾಗಿ ಕಾಯುತ್ತ ನಿಂತಿದ್ದ.

"ಇದೇನು ಮನೆಯೋ, ಆಸ್ಪತ್ರೆಯೋ?" ಎಂದಳು ಅಕ್ಕ.

"ಗೆದ್ದಲು ಹತ್ತಲ್ಲ," ಎಂದ ಅಣ್ಣ.

"ನಿನಗೆ ಹತ್ತಿರೋ ಗೆದ್ದಲಿಗೆ ಯಾವ ಬಣ್ಣ ಬಳೀಬೇಕು?"

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಯಾರು ಅಪ್ಪನಿಗೆ ಔಷಧಿ ತಂದುಕೊಟ್ಟವರು, ಯಾರು ತರದವರು, ಎಲ್ಲವೂ ಹೊರಗೆ ಬಂತು. ಕೊನೆಗೆ ಅಣ್ಣ, "ಇನ್ನು ನಿಮ್ಮ ಹತ್ತಿರ ಮಾತಾಡಿದರೆ ಕೇಳಿ," ಎಂದ. ಅಕ್ಕ, "ನೀವು ಮಾತಾಡಿದರೂ ಕೇಳೋವ್ರು ಯಾರು," ಎಂದಳು. ಆ ಘಳಿಗೆಯಿಂದ ಅವನು 'ಮೇಲಿನವರು', ಇವಳು 'ಕೆಳಗಿನವರು'. ಸಿಟ್ಟು ಬಂದರೆ ಮರ್ಯಾದೆ ಹೆಚ್ಚಾಗುವ ಮನೆತನ. ಅಕ್ಕ ಅಂದಿನಿಂದ ಮೆಟ್ಟಿಲು ಹತ್ತಲಿಲ್ಲ. ಅಣ್ಣ ಮೇಲೆಯೇ ಒಂದು ಒಲೆ ಹೂಡಿಕೊಂಡ.

ಆದರೂ ಮನೆಗೆ ಮುಂಬಾಗಿಲು ಒಂದೇ. ಬರುವ ಪೇಪರೂ ಒಂದೇ. ಎದುರುಬದುರಾಗದೆ ಹನ್ನೊಂದು ವರ್ಷ ದೂಡಿದ್ದು ಸಣ್ಣ ವಿದ್ಯೆಯಲ್ಲ. ಅದನ್ನು ಸಾಧ್ಯ ಮಾಡಿದ್ದು ಏಳನೇ ಮೆಟ್ಟಿಲು.

ಕೆಳಗಿನಿಂದ ಎಣಿಸಿದರೆ ಏಳನೆಯದು. ಅದು ಇವರಿಬ್ಬರು ಹುಟ್ಟುವ ಮೊದಲಿನಿಂದಲೂ ಕಿರ್ರ್ ಎನ್ನುತ್ತಿತ್ತು. ಅಪ್ಪ ಅಚ್ಚುಕೂಟದಲ್ಲಿ ರಾತ್ರಿಪಾಳಿ ಮಾಡಿ ಬಂದು ಹಗಲು ಮೆಟ್ಟಿಲ ಮಗ್ಗುಲಿನ ಕೋಣೆಯಲ್ಲಿ ಮಲಗುತ್ತಿದ್ದರು. ಸೂಜಿ ಬಿದ್ದರೂ ಎದ್ದು ಕೂರುವ ನಿದ್ದೆ. ಆಗ ಅಣ್ಣನೇ ಪುಟ್ಟ ತಂಗಿಯ ಕೈ ಹಿಡಿದು ಕಲಿಸಿದ್ದ: "ಗೋಡೆ ಪಕ್ಕಕ್ಕೇ ಕಾಲಿಡು, ಅಲ್ಲಿ ಹಲಗೆ ಅಲ್ಲಾಡಲ್ಲ. ಏಳನೇದಕ್ಕಂತೂ ಗೋಡೆಗೆ ಅಂಟಿಕೊಂಡೇ ಇಡು." ಇಬ್ಬರೂ ಬೆಕ್ಕಿನ ಹಾಗೆ ಹತ್ತಿ ಇಳಿಯುವುದನ್ನು ಕಲಿತರು.

ಆ ಅಣ್ಣ ಈಗ ಮುದುಕನಾಗಿ, ಎಚ್ಚರ ತಪ್ಪಿ, ಏಳನೆಯದನ್ನು ದಿನವೂ ತುಳಿಯುತ್ತಿದ್ದಾನೆ ಎಂಬುದು ಅಕ್ಕನ ತೀರ್ಮಾನ. ಬೆಳಿಗ್ಗೆ ಆರೂ ಹತ್ತಕ್ಕೆ ಒಂದು ಕಿರ್ರ್. ಪೇಪರ್ ತೆಗೆದುಕೊಳ್ಳಲು ಇಳಿಯುತ್ತಿದ್ದಾನೆಂದು ಅರ್ಥ. ಅಕ್ಕ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಹತ್ತುವಾಗ ಮತ್ತೊಂದು ಕಿರ್ರ್, ಬಾಗಿಲು ತೆರೆಯುತ್ತಿತ್ತು. ಒಂಬತ್ತಕ್ಕೆ ಅವನು ಓದಿ ಮಡಿಚಿದ ಪೇಪರು ಹಜಾರದ ಮೇಜಿನ ಮೇಲೆ. ಮಧ್ಯಾಹ್ನ, ಸಂಜೆ, ಹೀಗೇ. ಎಕ್ಸ್‌ಚೇಂಜಿನ ಕಿವಿಯಲ್ಲವೇ! ಆ ಕಿರ್ರ್‌ನಲ್ಲಿ ಅಕ್ಕ ಅಣ್ಣನ ಮಂಡಿನೋವು ಕೇಳುತ್ತಿದ್ದಳು, ಕೈಯಲ್ಲಿ ಕೊಡೆ ಇದೆಯೇ ಇಲ್ಲವೇ ಕೇಳುತ್ತಿದ್ದಳು. ತಾನು ಕೇಳುತ್ತಿದ್ದೇನೆ ಎಂಬುದು ಮೇಲಿನವನಿಗೆ ಗೊತ್ತಿಲ್ಲ ಎಂಬುದೇ ಅವಳ ದೊಡ್ಡ ಹೆಮ್ಮೆ. ದಿನಕ್ಕೆ ಆರು ಸಲ ಕೇಳುವ ಆ ಸದ್ದಿನ ಹೊರತು, ಮನೆಯಲ್ಲಿ ಇನ್ನೊಂದು ಜೀವವಿದೆ ಎನ್ನಲು ಅವಳ ಬಳಿ ಬೇರೆ ಪುರಾವೆ ಇರಲಿಲ್ಲ. ಇದನ್ನು ಮಾತ್ರ ಅವಳು ಯಾರಿಗೂ ಹೇಳಿದವಳಲ್ಲ, ತನಗೂ ಸಹ.

ಬುಡದ ಕಂಬ ಅಲ್ಲಾಡಲು ಶುರುವಾಯಿತು. ಒಂದು ಸಂಜೆ ಕಿರ್ರ್ ಆದ ಮೇಲೆ ಧಡ್ ಎಂದಿತು. ಅಣ್ಣ ಕಂಬ ಹಿಡಿದು ವಾಲಿದ್ದ, ಬೀಳಲಿಲ್ಲ. ಮರುದಿನವೇ ಅಕ್ಕ ಮೇಸ್ತ್ರಿಯನ್ನು ಕರೆಸಿದಳು.

ಮೇಸ್ತ್ರಿ ಅಂದರೆ ಹಳೆಯ ಮನೆಗಳ ಮರಗೆಲಸಕ್ಕೇ ಹೆಸರಾದವನು. ಹೊಸ ಮನೆಯ ಬಾಗಿಲಿಗೆ ಕರೆದರೆ, "ಅದು ಪೆಟ್ಟಿಗೆ ಮಾಡೋವ್ರ ಕೆಲಸ," ಎಂದು ಬಿಡುತ್ತಿದ್ದ. ಉಳಿಗಳನ್ನು ಮಖಮಲ್ಲಿನ ಚೀಲದಲ್ಲಿಟ್ಟು, ವೈದ್ಯರು ನಾಡಿ ನೋಡುವ ಹಾಗೆ ಮೊದಲು ಮರದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದ. ಕಂಬದ ಮೇಲೆ ಬೆರಳಿಟ್ಟವನು ಕಣ್ಣು ಬಿಟ್ಟು, "ಅಮ್ಮಾ, ಈ ಹಸಿರು ಯಾರ ಪಾಪ?" ಎಂದು ಕೇಳಿದ.

"ಮೇಲಿನವರನ್ನ ಕೇಳಿ," ಎಂದಳು ಅಕ್ಕ, ಮೇಲಿನವರಿಗೆ ಕೇಳುವಷ್ಟು ಜೋರಾಗಿ.

ತಿರುವಿನ ಮೇಲಿನಿಂದ ಎರಡು ಚಪ್ಪಲಿ ಕಾಣಿಸಿಕೊಂಡವು. ಅಷ್ಟಕ್ಕೇ ನಿಂತವು.

"ಮೇಸ್ತ್ರಿ, ಅವರಿಗೆ ಹೇಳಿ, ಆ ಬಣ್ಣದಿಂದ್ಲೇ ಇಷ್ಟು ದಿನ ಉಳಿದಿದೆ ಅಂತ," ಎಂದವು ಚಪ್ಪಲಿಗಳು.

ಮೇಸ್ತ್ರಿ ಅಕ್ಕನ ಕಡೆ ತಿರುಗಿದ. "ಅಮ್ಮಾ, ಅವರು ಹೇಳ್ತಾರೆ…"

"ನಂಗೆ ಕಿವಿ ಇದೆ. ಅವರಿಗೆ ಹೇಳಿ, ಉಳಿದಿದ್ದು ತೇಗ ಆಗಿದ್ದಕ್ಕೆ, ಬಣ್ಣ ಬಳಿದಿದ್ದಕ್ಕಲ್ಲ."

"ಸರ್, ಅಮ್ಮ ಏನು ಹೇಳ್ತಾರೆ ಅಂದ್ರೆ…"

"ಕೇಳಿಸ್ತು. ಕಂಬ ಸರಿ ಮಾಡೋಕೆ ಬಣ್ಣ ಕೆರೀಲೇಬೇಕಾ ಅಂತ ಕೇಳ್ತಿರೋದು ನಿಮ್ಮನ್ನ, ಅವರನ್ನಲ್ಲ."

"ಸಂದು ಕಾಣ್ಬೇಕಲ್ಲ ಸರ್? ಬಟ್ಟೆ ಬಿಚ್ಚದೆ ಹುಣ್ಣು ನೋಡೋಕಾಗುತ್ತಾ?"

ಎಡಚಪ್ಪಲಿ ಮೆಟ್ಟಿಲ ಹಸಿರನ್ನು ಒಮ್ಮೆ ಉಜ್ಜಿತು. ಆಮೇಲೆ, "ಮಾಡೋದಾದ್ರೆ ಪೂರಾ ಮಾಡಿ. ಆ ಕಾಲದಲ್ಲಿ ಹೇಗಿತ್ತೋ ಹಾಗೇ ಆಗ್ಬೇಕು. ಒಂದು ಕೂದಲು ವ್ಯತ್ಯಾಸ ಬರಬಾರದು," ಎಂದು ಚಪ್ಪಲಿಗಳು ಹಿಂದೆ ಸರಿದವು. ಸೋತರೂ ಷರತ್ತು ಹಾಕಿ ಸೋಲುವವನು ಅಣ್ಣ. "ಆ ಕಾಲದಲ್ಲಿ ಹೇಗಿತ್ತೋ ಹಾಗೇ ಮಾಡ್ತೀನಿ ಸರ್," ಎಂದ ಮೇಸ್ತ್ರಿ.

ಕೆಲಸ ಐದು ವಾರ ನಡೆಯಿತು. ಅಕ್ಕನಿಗೆ ಎಷ್ಟೋ ವರ್ಷಗಳಲ್ಲಿ ಅಂಥ ದಿನಗಳು ಬಂದಿರಲಿಲ್ಲ. ಮೇಸ್ತ್ರಿ ಬಣ್ಣ ಕೆರೆಯುತ್ತಿದ್ದ, ಅಕ್ಕ ಕುರ್ಚಿ ಹಾಕಿಕೊಂಡು ಕೂತು ಮೇಲ್ವಿಚಾರಣೆ ಎಂಬ ಹೆಸರಿನಲ್ಲಿ ಹರಟುತ್ತಿದ್ದಳು. ಹಸಿರು ಸುರುಳಿಸುರುಳಿಯಾಗಿ ಉದುರಿದಂತೆ ಒಳಗಿನದು ಹೊರಬಂತು. ಕಂಬದ ತಲೆಯಲ್ಲಿ ಅರಳಲು ಹೊರಟು ನಿಂತ ಒಂದು ಮೊಗ್ಗು. ಪ್ರತಿ ಮೆಟ್ಟಿಲಿನ ಮಗ್ಗುಲಿಗೆ ಒಂದು ಬಳ್ಳಿ ಸುತ್ತು. ಅದರ ಸಂದಿಗಳಲ್ಲಿ ಬಣ್ಣ ತುಂಬಿಕೊಂಡು ಇಷ್ಟು ದಿನ ಮುದ್ದೆಯಂತೆ ಕಾಣುತ್ತಿತ್ತು. ಮೇಸ್ತ್ರಿ ಹಲ್ಲುಕಡ್ಡಿಯಷ್ಟು ಸಣ್ಣ ಉಳಿಯಿಂದ ಒಂದೊಂದನ್ನೇ ಬಿಡಿಸಿದ. ರೇಲಿಂಗಿನ ಕಿರುಗಂಬಗಳಲ್ಲಿ ಎರಡು ಕಳೆದುಹೋಗಿ, ಅವುಗಳ ಜಾಗದಲ್ಲಿ ಅಣ್ಣ ಎಂದೋ ನೀರಿನ ಪೈಪಿನ ತುಂಡು ನಿಲ್ಲಿಸಿದ್ದ. ಮೇಸ್ತ್ರಿ ಅವನ್ನು ಸತ್ತ ಇಲಿ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟ. ಉಳಿದ ಕಂಬಗಳ ಅಳತೆಗೆ ಸರಿಯಾಗಿ ಎರಡು ಹೊಸವನ್ನು ಕಡೆದು ತಂದು ಕೂರಿಸಿದಾಗ, ಯಾವುದು ಹಳತು ಯಾವುದು ಹೊಸತು ಎಂದು ಹೇಳಲು ಅಕ್ಕನಿಂದ ಆಗಲಿಲ್ಲ.

ಒಂದು ದಿನ ಮೇಸ್ತ್ರಿ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, "ಏನಮ್ಮಾ, ಈ ಮನೇಲಿ ಎಲ್ಲರೂ ಕಳ್ಳರ ಥರ ಗೋಡೆ ಹಿಡ್ಕೊಂಡು ನಡೀತಾರಾ?" ಎಂದ.

"ಯಾಕೆ?"

"ನೋಡಿ, ಬಣ್ಣ ಸವೆದಿರೋದೆಲ್ಲ ಗೋಡೆ ಪಕ್ಕ. ನಡುವೆ ಮುಟ್ಟಿಯೇ ಇಲ್ಲ."

ಅಕ್ಕ ಅಪ್ಪನ ನಿದ್ದೆಯ ಕಥೆ ಹೇಳಿದಳು. ಅಣ್ಣ ಕಲಿಸಿದ್ದು ಎಂಬ ಭಾಗವನ್ನು ಮಾತ್ರ ಹಾರಿಸಿದಳು.

ಇನ್ನೇನು ಕೆಲಸ ಮುಗಿಯಿತು ಎನ್ನುವಾಗ ಮೇಸ್ತ್ರಿ ಆ ತಪ್ಪು ಮಾಡಿದ. ತಪ್ಪೆಂದರೆ, ಒಳ್ಳೆಯ ಕೆಲಸಗಾರ ಮಾತ್ರ ಮಾಡಬಲ್ಲ ತಪ್ಪು. ಅಕ್ಕ ಬ್ಯಾಂಕಿಗೆ ಹೋದ ಮಧ್ಯಾಹ್ನ, ಯಾರೂ ಕೇಳದೆ, ಯಾರಿಗೂ ಹೇಳದೆ, ಇನ್ನೂ ಕೆರೆಯದೆ ಕೊನೆಗೆಂದು ಉಳಿಸಿಕೊಂಡಿದ್ದ ಏಳನೇ ಮೆಟ್ಟಿಲಿನ ಹಲಗೆ ಕಿತ್ತ. ಅದು ನಡುವೆ ತಗ್ಗಾಗಿ ಸೀಳು ಬಿಟ್ಟಿತ್ತು. ಕೆಡವಿದ ಇನ್ನೊಂದು ಹಳೆಯ ಮನೆಯ ತೇಗವನ್ನು ಅದೇ ಅಳತೆಗೆ ಸೀಳಿ, ಅಂಟು ಹಾಕಿ, ಕೆಳಗಿನಿಂದ ಬೆಣೆ ಬಡಿದು ಕೂರಿಸಿದ. ಅಕ್ಕ ಬಂದಾಗ ಮುಖವಿಡೀ ಹಲ್ಲಾಗಿ ನಿಂತಿದ್ದ.

"ಅಮ್ಮಾ, ಇದು ನನ್ನ ಕಡೆಯಿಂದ ಹಾಗೇ ಒಂದು ಕೆಲಸ. ನೋಡಿ." ಏಳನೆಯದರ ಮೇಲೆ ಹತ್ತಿ ಕುಣಿದ. ಹಲಗೆ ತುಟಿ ಬಿಚ್ಚಲಿಲ್ಲ. "ಮೂವತ್ತೈದು ವರ್ಷದಲ್ಲಿ ನನ್ನ ಕೈ ಬಿಟ್ಟ ಒಂದು ಮೆಟ್ಟಿಲೂ ಕೂಗಿಲ್ಲ. ಇದೊಂದನ್ನ ಕೂಗೋಕೆ ಬಿಟ್ಟು ಹೋದ್ರೆ ನಂಗೆ ನಿದ್ದೆ ಬರ್ತಿರಲಿಲ್ಲ."

ಅಕ್ಕ ಕೈಚೀಲವನ್ನು ಮೇಜಿನ ಮೇಲಿಟ್ಟಳು. "ಚೆನ್ನಾಗಿದೆ," ಎಂದಳು. ಬೇರೆ ಏನು ಹೇಳಿದರೂ ಹನ್ನೊಂದು ವರ್ಷದ ಗುಟ್ಟು ಹೊರಬೀಳುತ್ತಿತ್ತು. ಮೇಸ್ತ್ರಿ ಉಳಿಗಳನ್ನು ಮಖಮಲ್ಲಿಗೆ ಸೇರಿಸಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಅಕ್ಕ ಹಲ್ಲುಜ್ಜುತ್ತ ಹಜಾರಕ್ಕೆ ಬಂದಳು. ಎರಡು ಮಾರು ದೂರದಲ್ಲಿ, ಪಟ್ಟೆಪಟ್ಟೆ ಪೈಜಾಮದಲ್ಲಿ, ಪೇಪರು ಹಿಡಿದು ಅಣ್ಣ ನಿಂತಿದ್ದ. ಬೀದಿಯಲ್ಲಿ ಬೆನ್ನು, ತಿರುವಿನಲ್ಲಿ ಚಪ್ಪಲಿ ಬಿಟ್ಟರೆ ಇಷ್ಟು ವರ್ಷ ಅವಳು ನೋಡಿರದ ಮುಖ. ತಲೆಯಲ್ಲಿ ಕೂದಲಿರಲಿಲ್ಲ. ಕೊರಳು ಅಂಗಿಯ ಕಾಲರಿನೊಳಗೆ ಸಣ್ಣದಾಗಿ ನಿಂತಿತ್ತು. ಅವನಿಗೆ ಕಂಡದ್ದು ನೊರೆ ತುಂಬಿದ ಬಾಯಿ. ಇಬ್ಬರೂ ಹಲ್ಲಿ ಕಂಡವರಂತೆ ಹಿಂದಕ್ಕೆ ಹಾರಿದರು. ಅಣ್ಣ ಹತ್ತಿಹೋದ. ಹೋದ ಸದ್ದೇ ಇಲ್ಲ.

ಅಂದಿನಿಂದ ಅಕ್ಕನ ದಿನಚರಿ ಹಳಿ ತಪ್ಪಿತು. ಆರಕ್ಕೇ ಅಡುಗೆಮನೆಯ ಬಾಗಿಲು ಎಳೆದುಕೊಂಡರೆ, ಯಾವಾಗ ತೆರೆಯಬೇಕೆಂದು ಗೊತ್ತಾಗುತ್ತಿರಲಿಲ್ಲ. ಒಳಗೇ ಕೂತು ಚಹಾ ಆರಿಸಿಕೊಂಡು ಕುಡಿದಳು. ಮಧ್ಯಾಹ್ನ ಅವನು ಹೊರಗೆ ಹೋಗಿದ್ದಾನೋ ಇದ್ದಾನೋ? ಸಂಜೆ ಬಂದನೋ ಇಲ್ಲವೋ? ಹಜಾರದಲ್ಲಿ ನಿಂತು ಕಿವಿಗೊಟ್ಟಳು. ಗೋಡೆ ಗಡಿಯಾರ ಕೇಳಿಸಿತು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಮೂವತ್ತಮೂರು ವರ್ಷ ಯಾವ ಕಿವಿಯ ಬಲದಿಂದ ಅನ್ನ ತಿಂದಳೋ ಆ ಕಿವಿ, ಈಗ ಸತ್ತ ಲೈನಿಗೆ ಅಂಟಿಕೊಂಡು ಕೂತಿತ್ತು. ನಯವಾದ ಹೊಸ ಪಾಲಿಶಿನಲ್ಲಿ ಮೆಟ್ಟಿಲು ಫಳಫಳ ಹೊಳೆಯುತ್ತಿತ್ತು. ನೋಡಿದರೆ ಮೈ ಉರಿಯುತ್ತಿತ್ತು.

ಎಂಟನೇ ದಿನ ಬೆಳಿಗ್ಗೆ ಎಂಟೂವರೆಗೆ ಅಕ್ಕ ಮುಂಬಾಗಿಲು ತೆರೆದರೆ, ಪೇಪರು ಹೊಸ್ತಿಲಲ್ಲೇ ಬಿದ್ದಿತ್ತು.

ಜ್ವರವಿದ್ದಾಗಲೂ, ನಿವೃತ್ತಿಯ ಮರುದಿನವೂ ಅಣ್ಣ ಆರೂ ಹತ್ತಕ್ಕೆ ಪೇಪರು ಎತ್ತಿಕೊಂಡವನು. ಅಕ್ಕ ಅದನ್ನು ಎತ್ತಿ ಮೇಜಿನ ಮೇಲಿಟ್ಟಳು. ಮತ್ತೆ ಹೊಸ್ತಿಲಲ್ಲಿ ಹಾಕಿ ಬಾಗಿಲು ಮುಚ್ಚಿದಳು. ಐದು ನಿಮಿಷ ಬಿಟ್ಟು ತೆರೆದು ನೋಡಿದಳು. ಬುಡದ ಕಂಬದ ಮೊಗ್ಗು ಹಿಡಿದು ನಿಂತಳು. ಕೂಗಬಹುದಿತ್ತು. ಏನೆಂದು ಕೂಗುವುದು? 'ಮೇಲಿನವರೇ' ಎಂದೇ?

ಹತ್ತಿದಳು. ಹನ್ನೊಂದು ವರ್ಷದ ಮೇಲೂ ಕಾಲು ತಾನಾಗಿ ಗೋಡೆಯ ಪಕ್ಕಕ್ಕೆ ಹೋಯಿತು. ಏಳನೆಯದರಲ್ಲಿ ಬೇಕೆಂದೇ ನಡುವೆ ಕಾಲೂರಿ ಮೈಭಾರ ಬಿಟ್ಟಳು. ಏನೂ ಇಲ್ಲ. ತಿರುವು ದಾಟಿದಾಗ ಎದೆ ಕಿವಿಯಲ್ಲೇ ಹೊಡೆದುಕೊಳ್ಳುತ್ತಿತ್ತು.

ಮಹಡಿಯ ಕೋಣೆಗೆ ಅಗುಳಿ ಹಾಕಿರಲಿಲ್ಲ. ಹಾಸಿಗೆ ಅಡಿಪಟ್ಟಿ ಇಟ್ಟು ಮಡಿಚಿದ ಹಾಗಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ಅಕ್ಕ ಹೋದ ಉಸಿರನ್ನು ಎಳೆದುಕೊಂಡು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತಳು. ಇದ್ದದ್ದು ಆ ಒಂದೇ ಕುರ್ಚಿ. ಒಂದು ತಟ್ಟೆ, ಒಂದು ಲೋಟ, ಕವುಚಿಟ್ಟಿದ್ದವು. ಕಿಟಕಿಯ ಬಳಿ ನಕ್ಷೆ ಬರೆಯುವ ಹಲಗೆ, ಮೇಲೆ ಹಾಳೆಯಿಲ್ಲ. ಕೆಳಗೆ ತಾನು ರೇಡಿಯೋ ಹಾಕಿ ಬಂದಿದ್ದೇನೆಂದು ಅವಳಿಗೆ ಆಮೇಲೆ ನೆನಪಾಯಿತು. ಇಲ್ಲಿಗೆ ಅದರ ಚೂರೂ ಕೇಳುತ್ತಿರಲಿಲ್ಲ. ಬೀದಿ ಕೂಡ ಕೇಳುತ್ತಿರಲಿಲ್ಲ. ಇಂಥ ಸದ್ದಿಲ್ಲದ ಜಾಗದಲ್ಲಿ ಒಬ್ಬ ಮನುಷ್ಯ ಹನ್ನೊಂದು ವರ್ಷ ಹೇಗೆ ಕೂತಿದ್ದ ಎಂದುಕೊಳ್ಳುತ್ತಿದ್ದಾಗ, ಕೆಳಗೆ ಗಾಳಿಗೆ ಅಡುಗೆಮನೆಯ ಬಾಗಿಲು ಕೀಂಯ್ ಎಂದಿತು. ಅದೊಂದು ಮಾತ್ರ ಕೋಣೆಯೊಳಗೇ ಕೂಗಿದಷ್ಟು ಸ್ಪಷ್ಟವಾಗಿ ಕೇಳಿತು.

ಅವನು ಬರುವಷ್ಟರಲ್ಲಿ ಇಳಿದುಬಿಡಬೇಕು. ಅಕ್ಕ ಎದ್ದು ಸರಸರ ಇಳಿದಳು, ತಿರುವು ದಾಟಿದಳು. ಮೆಟ್ಟಿಲು ಬಾಯಿ ಬಿಡುವುದನ್ನು ನಿಲ್ಲಿಸಿತ್ತಲ್ಲ. ಹತ್ತುತ್ತಿದ್ದವನು ಅವಳಿಗೆ ಕೇಳಲಿಲ್ಲ, ಇಳಿಯುತ್ತಿದ್ದವಳು ಅವನಿಗೆ ಕೇಳಲಿಲ್ಲ. ಸರಿಯಾಗಿ ಏಳನೆಯದರ ಬಳಿ ಮುಖಕ್ಕೆ ಮುಖ.

ಅಣ್ಣನ ಮೊಣಕೈಯ ಒಳಬದಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿತ್ತು. ಅಕ್ಕ ಅದನ್ನು ನೋಡಿದಳು, ಆಮೇಲೆ ಗೋಡೆಯನ್ನು ನೋಡಿದಳು.

"ಮೇಸ್ತ್ರಿ," ಎಂದಳು ಗೋಡೆಗೆ, "ಅವರಿಗೆ ಹೇಳಿ, ಪೇಪರು ಬಾಗಿಲಲ್ಲೇ ಬಿದ್ದಿತ್ತು ಅಂತ."

ಮೇಸ್ತ್ರಿ ಆ ಹೊತ್ತಿಗೆ ನಾಲ್ಕು ಬೀದಿ ಆಚೆ ಇನ್ಯಾರದೋ ಬಾಗಿಲಿನ ನಾಡಿ ನೋಡುತ್ತಿದ್ದ.

ಅಣ್ಣ ರೇಲಿಂಗಿನ ಕಡೆ ಮುಖ ತಿರುಗಿಸಿದ. "ಮೇಸ್ತ್ರಿ, ಅವರಿಗೆ ಹೇಳಿ, ಪರೀಕ್ಷೆಗೆ ರಕ್ತ ಕೊಡೋಕೆ ಹೋಗಿದ್ದೆ. ಖಾಲಿ ಹೊಟ್ಟೇಲಿ, ಬೆಳಗಾಗ್ತಿದ್ದ ಹಾಗೇ ಬನ್ನಿ ಅಂದಿದ್ರು. ಪೇಪರ್ ಇನ್ನೂ ಬಂದಿರಲಿಲ್ಲ."

"ಏನಾಗಿದೆಯಂತೆ ಕೇಳಿ."

"ಏನೂ ಆಗಿಲ್ಲ. ಈ ವಯಸ್ಸಲ್ಲಿ ಎಲ್ಲರದ್ದೂ ತೆಗೀತಾರೆ ಅಂತ ಹೇಳಿ."

"ನಮಗೇನೂ ಆತಂಕ ಇರಲಿಲ್ಲ, ಪೇಪರಿಗೋಸ್ಕರ ಮೇಲೆ ಬಂದಿದ್ದು ಅಂತ ಹೇಳಿ."

"ಪೇಪರ್ ಕೆಳಗಿದ್ರೆ ಮೇಲೆ ಯಾಕೆ ಹುಡುಕಿದ್ರು ಅಂತ ಕೇಳಿ."

ಇದಕ್ಕೆ ಮೇಸ್ತ್ರಿಯೂ ನೆರವಿಗೆ ಬರಲಿಲ್ಲ. ಅವಳು ಇಳಿಯಲೆಂದು ಗೋಡೆಯ ಕಡೆ ಸರಿದಳು. ಅವನೂ ಹತ್ತಲೆಂದು ಗೋಡೆಯ ಕಡೆಯೇ ಸರಿದ. ಕಲಿಸಿದವನೂ ಕಲಿತವಳೂ ಒಂದೇ ಅರ್ಧ ಅಡಿಗೆ ಕಾಲು ಹಾಕಿ ನಿಂತರು. ಕೊನೆಗೆ ಅಣ್ಣನೇ ಪಕ್ಕಕ್ಕಾದ. ಅಕ್ಕ ಅವನನ್ನು ದಾಟಿ ಎರಡು ಮೆಟ್ಟಿಲು ಇಳಿದಿರಬೇಕು, ಹಿಂದಿನಿಂದ, "ಏ, ನೋಡ್ಕೊಂಡು, ಪಾಲಿಶ್ ಜಾರುತ್ತೆ, ಬೀಳ್ತೀಯ," ಎಂದಿತು ದನಿ. ಒಂದು ಕ್ಷಣ ಬಿಟ್ಟು, ಕೆಮ್ಮಿ, "ಬೀಳ್ತಾರೆ ಅಂತ ಹೇಳಿ ಮೇಸ್ತ್ರಿ," ಎಂದು ತಿದ್ದಿಕೊಂಡಿತು.

ಅಂದೇ ಮಧ್ಯಾಹ್ನ ಅಕ್ಕ ಮೇಸ್ತ್ರಿಗೆ ಫೋನು ಮಾಡಿದಳು. ಅವನು ಬಂದ.

"ಏಳನೇ ಮೆಟ್ಟಿಲು ಮೊದಲಿನ ಹಾಗೆ ಕೂಗ್ಬೇಕು," ಎಂದಳು.

ಮೇಸ್ತ್ರಿ ಕಿವಿಯೊಳಗೆ ಬೆರಳು ತಿರುವಿ ನೋಡಿಕೊಂಡ. "ಕೂಗ್ಬಾರದು ಅಂತೀರಾ?"

"ಕೂಗ್ಬೇಕು ಅಂತೀನಿ."

"ಅಮ್ಮಾ, ಜನ ಸದ್ದು ನಿಲ್ಸಿ ಅಂತ ಕರೀತಾರೆ. ಸದ್ದು ಹಾಕ್ಕೊಡಿ ಅಂತ ಯಾರೂ ಕರೆದಿಲ್ಲ. ಹೊರಗೆ ಗೊತ್ತಾದ್ರೆ ನನ್ನ ಮಾನ ಏನಾಗ್ಬೇಕು?"

"ಆ ಕಾಲದಲ್ಲಿ ಹೇಗಿತ್ತೋ ಹಾಗೇ ಮಾಡ್ತೀನಿ ಅಂದ್ರಿ ತಾನೇ? ಆ ಕಾಲದಲ್ಲಿ ಅದು ಕೂಗ್ತಿತ್ತು. ಮೊಗ್ಗು ಬಿಡಿಸಿದ್ರಿ, ಬಳ್ಳಿ ಬಿಡಿಸಿದ್ರಿ, ಸದ್ದು ಮಾತ್ರ ನುಂಗಿಬಿಟ್ರಿ. ಇದೆಂಥ ಹಳೇ ಕೆಲಸ?"

ಮೇಸ್ತ್ರಿಗೆ ತನ್ನ ಮಾತೇ ತನ್ನ ಕೊರಳಿಗೆ ಬಂದಿತ್ತು. ತಲೆ ಕೆರೆದುಕೊಂಡ. ಹೊಸ ಹಲಗೆಯನ್ನು ಕೂಗಿಸುವುದು ತನ್ನಿಂದಾಗದು, ಕೂಗಬೇಕಾದರೆ ಹಳೆಯದೇ ಬರಬೇಕು ಎಂದ. ಅದೃಷ್ಟಕ್ಕೆ ಅದನ್ನು ಬಿಸಾಕಿರಲಿಲ್ಲ. ತೇಗ ಬಿಸಾಕುವ ಮನಸ್ಸು ಯಾವ ಮರಗೆಲಸದವನಿಗೂ ಬರುವುದಿಲ್ಲ. ಮರುದಿನ ಹೆಗಲ ಮೇಲೆ ಹೊತ್ತು ತಂದು ಹಜಾರದ ಗೋಡೆಗೆ ಒರಗಿಸಿದ. ಉಳಿದ ಹದಿನಾರು ಮೆಟ್ಟಿಲು ಬಣ್ಣ ಕಳಚಿ ನಿಂತಿದ್ದರೆ, ಕೆರೆಯುವ ಮೊದಲೇ ಕಿತ್ತ ಇದೊಂದು ಇನ್ನೂ ಹಸಿರಾಗೇ ಇತ್ತು.

"ಇದೊಂದು ನಂಗೆ ಅರ್ಥ ಆಗ್ಲಿಲ್ಲ ನೋಡಿ," ಎಂದ ಮೇಸ್ತ್ರಿ, ಹಲಗೆಯ ಮೇಲೆ ಬೆರಳಾಡಿಸುತ್ತ. "ಎಲ್ಲದರಲ್ಲೂ ಬಣ್ಣ ಗೋಡೆ ಪಕ್ಕ ಹೋಗಿತ್ತಲ್ಲ? ಇದರಲ್ಲಿ ಗೋಡೆ ಪಕ್ಕ ಹೊಸದಿದ್ದ ಹಾಗಿದೆ. ಹೋಗಿರೋದು ನಟ್ಟನಡುವೆ. ಇಲ್ಲಿ, ಹಿಮ್ಮಡಿ ಅಗಲ. ಮರ ಕಾಣೋವರೆಗೂ."

ಅಕ್ಕ ಹತ್ತಿರ ಬಂದು ನೋಡಿದಳು.

"ಗೋಡೆ ಹಿಡ್ಕೊಂಡು ಬಂದೋವ್ರು ಇದೊಂದಕ್ಕೆ ಮಾತ್ರ ನಡುವೆ ಬಂದು, ತುಳಿದು, ಮತ್ತೆ ಗೋಡೆಗೆ ಹೋಗಿದ್ದಾರೆ. ಹಾಗೆ ಯಾರಾದ್ರೂ ನಡೀತಾರಾ? ಬೇಕಂತ್ಲೇ ಮಾಡ್ಬೇಕು."

ಬಣ್ಣ ಬಳಿದದ್ದು ಜಗಳದ ದಿನ. ಆಮೇಲೆ ಆ ಬಣ್ಣದ ಮೇಲೆ ನಡೆದದ್ದು ಒಂದೇ ಜೊತೆ ಕಾಲು. ಗೋಡೆಗೆ ಅಂಟಿಕೊಂಡೇ ಇಡು ಎಂದು ಕಲಿಸಿದವನ ಕಾಲು. ಅಕ್ಕ ಮುದಿತನ ಅಂದುಕೊಂಡಿದ್ದಳು, ಮರೆವು ಅಂದುಕೊಂಡಿದ್ದಳು. ತಾನು ಕದ್ದು ಕೇಳುತ್ತಿದ್ದೇನೆ ಎಂದು ಬೀಗಿದ್ದಳು. ದಿನಕ್ಕೆ ಆರು ಸಲ ಅವನು ಕರೆಗಂಟೆ ಒತ್ತುತ್ತಿದ್ದ, ಇವಳು ಅದನ್ನು ತನ್ನ ಕಿವಿಯ ಚಮತ್ಕಾರ ಎಂದು ಎಣಿಸಿದ್ದಳು.

ಹಲಗೆಯ ನಡುವಿನ ತಗ್ಗಿಗೆ ಅಂಗೈ ಇಟ್ಟಳು. ಮರ ನುಣ್ಣಗಾಗಿತ್ತು.

"ಅಮ್ಮಾ?"

"ಧೂಳು," ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. "ಇದನ್ನೇ ಹಾಕಿ."

"ಬಣ್ಣ ಕೆರೆದು, ಪಾಲಿಶ್ ಮಾಡಿ…"

"ಬಣ್ಣ ಮುಟ್ಬೇಡಿ. ಹೀಗೇ ಹಾಕಿ."

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು ಮೆಟ್ಟಿಲಿನ ಸಾಲು ನೋಡಿದ. "ಹದಿನಾರು ತೇಗದ ಬಣ್ಣ, ನಡುವೆ ಇದೊಂದು ಹಸಿರು? ಮದುವೆ ಸಾಲಲ್ಲಿ ಕಪ್ಪೆ ಕೂತ ಹಾಗಿರುತ್ತೆ. ಆಮೇಲೆ ಮೇಲಿನವರು ನನ್ನ ಬೈದ್ರೆ?"

"ಹೋಗಿ ಕೇಳ್ಕೊಂಡು ಬನ್ನಿ."

ಮೇಸ್ತ್ರಿ ಹತ್ತಿ ಹೋದ. ಬಹಳ ಹೊತ್ತು ಬರಲಿಲ್ಲ. ಇಳಿದು ಬಂದವನ ಮುಖದಲ್ಲಿ, ಈ ಮನೆಯ ವ್ಯವಹಾರದಿಂದ ಯಾವಾಗ ಕೈತೊಳೆದುಕೊಂಡೇನೋ ಎಂಬ ಭಾವವಿತ್ತು.

"ಸದ್ದಿಗೆ ನಮ್ಮದೇನೂ ಅಡ್ಡಿ ಇಲ್ಲ ಅಂತ ಹೇಳಿ ಅಂದ್ರು. ಅಡ್ಡಿ ಇಲ್ಲ ಅಂತ ಮೂರು ಸಲ ಅಂದ್ರು. ಆದ್ರೆ ಹಸಿರು ಬೇಡವಂತೆ. ಆಸ್ಪತ್ರೆ ಥರ ಕಾಣುತ್ತಂತೆ."

ಅಕ್ಕ ನಕ್ಕುಬಿಟ್ಟಳು. ಎಷ್ಟು ಜೋರಾಗಿ ಎಂದರೆ, ಮೇಲೆ ತಿರುವಿನಲ್ಲಿ ಎರಡು ಚಪ್ಪಲಿ ಮೆಲ್ಲನೆ ಕಾಣಿಸಿಕೊಂಡವು.

"ಅವರಿಗೆ ಹೇಳಿ," ಎಂದಳು, "ಹಸಿರು ಅಲ್ಲೇ ಇರುತ್ತೆ. ಗೆದ್ದಲು ಹತ್ತಲ್ಲ."

ಹಳೆಯ ಹಲಗೆ ಕೂರಿಸುವುದು ಒಂದು ಗಂಟೆಯ ಕೆಲಸವಾಯಿತು. ಅದನ್ನು ಕೂಗಿಸುವುದು ಎರಡು ದಿನದ್ದು. ಒಂದು ಮೊಳೆ ಸಡಿಲಿಸಿದರೆ ಹಲಗೆ ಡಬ್ ಎನ್ನುತ್ತಿತ್ತು. ಬಿಗಿ ಮಾಡಿದರೆ ಮೂಕ. ಮೇಸ್ತ್ರಿ ಮೆಟ್ಟಿಲ ಕೆಳಗೆ ನುಸುಳಿ ಬೆಣೆಯನ್ನು ಕೂದಲೆಳೆಯಷ್ಟು ಕೆತ್ತುತ್ತಿದ್ದ, ಅಕ್ಕ ಕಣ್ಣು ಮುಚ್ಚಿ ನಿಂತು ತೀರ್ಪು ಕೊಡುತ್ತಿದ್ದಳು. "ಇಲ್ಲ. ಇದು ಬಾತುಕೋಳಿ." "ಇದು ನೆಗಡಿ ಆದವರ ಹಾಗಿದೆ." ತನ್ನ ಮೂವತ್ತೈದು ವರ್ಷದ ವಿದ್ಯೆಯನ್ನು ತಲೆಕೆಳಗು ಮಾಡಿ ದುಡಿಯುತ್ತಿದ್ದ ಮೇಸ್ತ್ರಿ ಒಳಗಿನಿಂದಲೇ ನಿಟ್ಟುಸಿರು ಬಿಡುತ್ತಿದ್ದ. ಕೊನೆಗೆ ಬಂದ ಸದ್ದು ಮೊದಲಿನದಲ್ಲ. ಕಿರ್ರ್ ಇದ್ದದ್ದು ಕ್ರೀಕ್ ಆಗಿತ್ತು, ತುದಿಯಲ್ಲಿ ಸಣ್ಣ ಬಾಲ ಬೇರೆ. ಅಕ್ಕ ಸಾಕು ಎಂದಳು.

ಹೊರಡುವಾಗ ಮೇಸ್ತ್ರಿಯ ಕಣ್ಣು ಅಡುಗೆಮನೆಯ ಬಾಗಿಲ ಮೇಲೆ ಬಿತ್ತು. ತಳ್ಳಿ ನೋಡಿದ. ಕೀಂಯ್ ಎಂದಿತು. ಹೋದ ಮಾನವನ್ನು ಇಲ್ಲಾದರೂ ಗಳಿಸೋಣ ಎಂಬಂತೆ ಚೀಲದಿಂದ ಎಣ್ಣೆಯ ಡಬ್ಬಿ ತೆಗೆದ. "ಇದೇನಮ್ಮಾ ಹೀಗೆ ಅರಚುತ್ತೆ? ಎರಡು ತೊಟ್ಟು ಬಿಟ್ರೆ ಸಾಕು, ಬೆಣ್ಣೆ ಥರ…"

"ಅದನ್ನ ಮುಟ್ಟಿದ್ರೆ ನೋಡಿ!" ಎಂದು ಅಕ್ಕ ಬಾಗಿಲಿಗೆ ಅಡ್ಡ ನಿಂತ ರಭಸಕ್ಕೆ ಡಬ್ಬಿ ಅವನ ಕೈಯಿಂದ ಬಿತ್ತು.

ಮರುದಿನ ಆರೂ ಹತ್ತಕ್ಕೆ ಕ್ರೀಕ್ ಎಂದಿತು. ಅಕ್ಕ ಚಹಾದ ನೀರು ಇಡುತ್ತಿದ್ದವಳು ಹೋಗಿ ಅಡುಗೆಮನೆಯ ಬಾಗಿಲು ಎಳೆದುಕೊಂಡಳು, ಎಂದಿಗಿಂತ ನಿಧಾನವಾಗಿ, ಕೀಂಯ್ ಎನ್ನುವುದು ಪೂರಾ ಮುಗಿಯುವವರೆಗೆ. ಆಮೇಲೆ ಬಾಗಿಲಿನ ಹಲಗೆಗೆ ಕಿವಿ ಹಚ್ಚಿದಳು. ಹೊರಗೆ ಏಳನೇ ಮೆಟ್ಟಿಲಿನ ಮೇಲೆ ನಿಂತಿದ್ದ ಕಾಲು ಅಲ್ಲಿಯವರೆಗೂ ಅಲುಗಿರಲಿಲ್ಲ. ಬಾಗಿಲಿನ ಸದ್ದು ನಿಂತ ಮೇಲೆ ಆರನೆಯದಕ್ಕೆ ಇಳಿಯಿತು.

ಅವಳು ಒಲೆಯ ಬಳಿಗೆ ಬಂದು, ಎಂದಿನಂತೆ ತನ್ನೊಬ್ಬಳಿಗೇ ಒಂದು ಲೋಟದಷ್ಟು ಅಳೆದಿದ್ದ ನೀರಿಗೆ ಸಕ್ಕರೆ ಹಾಕಿದಳು.